ಇನ್ನೆರಡು ವರ್ಷ ಎನ್ನುತ್ತಲೇ ನೆಲೆ ನಿಂತದ್ದು

ಸಭೆಯ ಹಿರಿಯರಿಗೂ, ಮುಂದಿನ ಸಾಲುಗಳಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳಿಗೂ ವಂದನೆಗಳು. ನನ್ನನ್ನು ಕರೆದವರು ‘ವಿದೇಶದಲ್ಲಿ ನೆಲೆಸುವುದು’ ಎಂಬ ವಿಷಯವನ್ನು ಕೊಟ್ಟಿದ್ದರು. ವಿದೇಶ ಎನ್ನುವುದು ಒಂದೇ ಊರಲ್ಲವಾದ್ದರಿಂದ, 2009ರಿಂದ ನಾನು ವಾಸಿಸುತ್ತಿರುವ ಜರ್ಮನಿಯ ಸ್ಟುಟ್‌ಗಾರ್ಟ್ ನಗರವನ್ನಷ್ಟೇ ಕುರಿತು ಮಾತನಾಡುತ್ತೇನೆಂದು ಅವರಿಗೆ ಮೊದಲೇ ತಿಳಿಸಿದ್ದೆ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವವರ ಅನುಭವ ಬೇರೆಯಿದ್ದೀತು; ಅದನ್ನು ಅವರೇ ಹೇಳಬೇಕು.

ನಾನು ಸಾಗರ ಸೀಮೆಯ ಒಂದು ಹಳ್ಳಿಯವಳು. ಮದುವೆಗೆ ಮೊದಲು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಪತಿಗೆ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದಾಗ ಮನೆಯಲ್ಲಿ ಎಲ್ಲರಿಗೂ ನಾವು ಹೇಳಿದ್ದು ಒಂದೇ ಮಾತು: ಎರಡು ವರ್ಷ ಇದ್ದು ಬರುತ್ತೇವೆ. ಎರಡು ವರ್ಷ ಕಳೆದಾಗ ಇನ್ನೆರಡು ವರ್ಷ ಎಂದೆವು. ಮಗಳು ಹುಟ್ಟಿದಾಗ, ಅವಳು ಶಾಲೆಗೆ ಸೇರುವುದರೊಳಗೆ ಎಂದೆವು. ಹೀಗೆ ಹೇಳುತ್ತ ಎಂಟು ವರ್ಷಗಳು ಕಳೆದವು. ಇಂದು ನಿಮ್ಮ ಮುಂದೆ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಪರದೇಶದಲ್ಲಿ ಬದುಕುವುದನ್ನು ಕಷ್ಟವಾಗಿಸುವ ಚಳಿ, ಊಟ, ಭಾಷೆ, ಕಾಗದಪತ್ರ ಇವುಗಳಿಗಿಂತ ಹೆಚ್ಚಾಗಿ ನಮ್ಮನ್ನು ಸವೆಸಿದ್ದು ಈ ‘ಇನ್ನೆರಡು ವರ್ಷ’ ಎಂಬ ಮಾತು. ಹೊರಡುವವಳ ಹಾಗೆ ಬದುಕುತ್ತಿದ್ದವಳಿಗೆ ಇದ್ದ ಊರೂ ಸಿಗಲಿಲ್ಲ, ಬಿಟ್ಟ ಊರೂ ಉಳಿಯಲಿಲ್ಲ.

ಊರನ್ನು ಸ್ವಲ್ಪ ಪರಿಚಯಿಸುತ್ತೇನೆ. ಸ್ಟುಟ್‌ಗಾರ್ಟ್ ಜರ್ಮನಿಯ ನೈಋತ್ಯದ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ರಾಜಧಾನಿ. ಆರು ಲಕ್ಷಕ್ಕೆ ತುಸು ಹೆಚ್ಚು ಜನ. ನಗರದ ನಡುಭಾಗ ಬೋಗುಣಿಯಂತಹ ತಗ್ಗಿನಲ್ಲಿದೆ. ಸುತ್ತ ಗುಡ್ಡಗಳು, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಆ ತೋಟಗಳಿಗಾಗಿ ಹಿಂದೆ ಕಟ್ಟಿದ ಕಲ್ಲಿನ ಮೆಟ್ಟಿಲು ದಾರಿಗಳು ಇಂದಿಗೂ ನೂರಾರಿವೆ, ಜನ ಅವುಗಳಲ್ಲೇ ಹತ್ತಿ ಇಳಿದು ಓಡಾಡುತ್ತಾರೆ. ಮಲೆನಾಡಿನಿಂದ ಹೋದ ನನಗೆ ಈ ಏರು-ತಗ್ಗು ಮೊದಲ ದಿನವೇ ಹಿಡಿಸಿತು. ಕರ್ನಾಟಕಕ್ಕೂ ಈ ಊರಿಗೂ ನಂಟು ಹಳೆಯದು. 1886ರಲ್ಲಿ ಅಲ್ಲಿ ಆರಂಭವಾದ ಬಾಷ್ ಕಂಪನಿ 1950ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ನಮ್ಮಲ್ಲಿ ಅದನ್ನು ಬಹುಕಾಲ ಮೈಕೋ ಎಂದೇ ಕರೆಯುತ್ತಿದ್ದರು. ಮಂಗಳೂರಿನಿಂದ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ಸೀಮೆಯವರೇ, ಸ್ಟುಟ್‌ಗಾರ್ಟ್‌ಗೆ ಅಂಟಿಕೊಂಡಂತಿರುವ ಎಸ್ಲಿಂಗನ್ ಊರಿನಲ್ಲಿ 1881ರಲ್ಲಿ ತೀರಿಕೊಂಡರು. 1894ರ ಕನ್ನಡ ನಿಘಂಟಿನ ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದ ಟ್ಯೂಬಿಂಗನ್ ರೈಲಿನಲ್ಲಿ ಒಂದು ಗಂಟೆಯ ಹಾದಿ. ಅವರಿಬ್ಬರೂ ಬಂದದ್ದು ಮತಪ್ರಚಾರಕ್ಕೆ ಎಂಬುದನ್ನು ಮರೆಯಬೇಕಿಲ್ಲ. ಆದರೂ, ಉಳಿದುಕೊಂಡ ಊರಿನ ಭಾಷೆಗೆ ಒಬ್ಬ ಮನುಷ್ಯ ಎಷ್ಟು ದುಡಿಯಬಹುದು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ನನ್ನ ಜರ್ಮನ್ ಪಾಠಗಳು ಹಿಂದೆ ಬಿದ್ದಾಗಲೆಲ್ಲ ಈ ನೆನಪು ನನ್ನನ್ನು ಚುಚ್ಚುತ್ತಿತ್ತು.

ಮೊದಲ ವಾರಗಳ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ, ಏಕೆಂದರೆ ಆ ವಿವರಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತವೆ. ಈಗಿನ ನಿಯಮದಂತೆ ಮನೆಗೆ ಬಂದ ಎರಡು ವಾರಗಳೊಳಗೆ ಮನೆಯ ಮಾಲೀಕರ ದೃಢೀಕರಣ ಪತ್ರದೊಂದಿಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಈ ಒಂದು ಕಾಗದದಿಂದ ಉಳಿದದ್ದೆಲ್ಲ ಹುಟ್ಟುತ್ತದೆ: ತೆರಿಗೆಯ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ರೇಡಿಯೊ ಶುಲ್ಕದ ಪತ್ರವೂ ಬರುತ್ತದೆ. ಜರ್ಮನಿಯಲ್ಲಿ ಮುಖ್ಯವಾದುದೆಲ್ಲ ಇಂದಿಗೂ ಲಕೋಟೆಯಲ್ಲೇ ಬರುವುದರಿಂದ, ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದು ಮನೆಗೆ ಹೋದ ದಿನದ ಮೊದಲ ಕೆಲಸವಾಗಿರಲಿ. ನಮ್ಮ ಊರಿನ ವಾಹನ ಪರವಾನಗಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು.

ಬಾಡಿಗೆ ಮನೆ ಹುಡುಕುವುದು ಮಾತ್ರ ಹಾಗೆ ಮುಗಿಯುವ ಸಂಗತಿಯಲ್ಲ. ಸ್ಟುಟ್‌ಗಾರ್ಟ್‌ನ ಬಾಡಿಗೆ ಜರ್ಮನಿಯ ಅತಿ ದುಬಾರಿ ನಗರಗಳ ಸಾಲಿನಲ್ಲಿದೆ. ಜಾಹೀರಾತಿನಲ್ಲಿ ಎರಡು ಬಾಡಿಗೆಗಳಿರುತ್ತವೆ: ಬರಿಯ ಗೋಡೆಗಳಿಗೆ ಕೊಡುವುದು ಕಾಲ್ಟ್‌ಮೀಟೆ, ಎಂದರೆ ತಣ್ಣನೆಯ ಬಾಡಿಗೆ, ಕಾಯಿಸುವುದು, ನೀರು, ಕಸ ಎಲ್ಲ ಸೇರಿದ್ದು ಬೆಚ್ಚನೆಯ ಬಾಡಿಗೆ. ಮುಂಗಡವನ್ನು ತಣ್ಣನೆಯ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟಿದ್ದ ನಮಗೆ ಇದು ಸಮಾಧಾನ ತಂದಿತು. ಆದರೆ ಬಾಗಿಲು ತೆರೆದು ನೋಡಿದರೆ ಅಡುಗೆಮನೆಯಲ್ಲಿ ಒಲೆಯಿಲ್ಲ, ಕಪಾಟಿಲ್ಲ, ಪಾತ್ರೆ ತೊಳೆಯುವ ತೊಟ್ಟಿಯೂ ಇಲ್ಲ. ಹಿಂದಿನವರು ಅದೆಲ್ಲವನ್ನೂ ಕಳಚಿಕೊಂಡು ಹೋಗುವುದು ಅಲ್ಲಿನ ರೂಢಿ. ದೂರವಾಣಿಯಲ್ಲಿ ನಮ್ಮ ಹೆಸರು ಕೇಳಿದೊಡನೆ ಮನೆ ಕೊಟ್ಟಾಗಿದೆ ಎಂದ ಮಾಲೀಕರೊಬ್ಬರು, ಅರ್ಧ ಗಂಟೆಯ ನಂತರ ಪತಿಯ ಜರ್ಮನ್ ಸಹೋದ್ಯೋಗಿ ಕೇಳಿದಾಗ ಬಂದು ನೋಡಿ ಎಂದರು. ಆ ನೋವು ಇನ್ನೂ ಇದೆ. ಅಂತಹುದು ನಡೆಯುವುದಿಲ್ಲ ಎಂದು ನಿಮಗೆ ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಕೊನೆಗೆ ಸಿಕ್ಕಿದ್ದು ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಮೂರನೆಯ ಮಹಡಿ. ಇನ್ನೆರಡು ವರ್ಷ ಎಂಬ ಲೆಕ್ಕದಲ್ಲಿ ಹಳೆಯ ಒಲೆಯೊಂದನ್ನು, ಎರಡು ಮೇಜುಗಳನ್ನು ಕೊಂಡೆವು. ಮಂಚ ಕೊಳ್ಳದೆ ನಾಲ್ಕು ವರ್ಷ ನೆಲದ ಹಾಸಿಗೆಯಲ್ಲೇ ಮಲಗಿದೆವು. ಖಾಲಿ ಪೆಟ್ಟಿಗೆಗಳನ್ನು ಮಡಿಸಿ ನೆಲಮಾಳಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೆವು, ಹಿಂತಿರುಗುವಾಗ ಬೇಕಾಗುತ್ತವೆ ಎಂದು.

ಆ ಮನೆಗೆ ಹೋದ ಎರಡನೆಯ ವಾರ ನಮ್ಮ ಬಾಗಿಲಿನ ಹಿಡಿಯಲ್ಲಿ ಒಂದು ಸಣ್ಣ ಫಲಕ ನೇತಾಡುತ್ತಿತ್ತು. ಅದರಲ್ಲಿ ‘ಕೇರ್‌ವೋಖೆ’ ಎಂದು ಬರೆದಿತ್ತು. ಗುಡಿಸುವ ವಾರ ಎಂದು ಅದರ ಅರ್ಥ. ಸ್ವೇಬಿಯಾ ಎಂದು ಕರೆಯುವ ಈ ಸೀಮೆಯ ಬಹಳ ಹಳೆಯ ಪದ್ಧತಿಯಿದು. ಇದರ ಬೇರು 15ನೆಯ ಶತಮಾನದ ಕೊನೆಯ ನಗರ ಕಟ್ಟಳೆಗಳಲ್ಲಿದೆ ಎನ್ನುತ್ತಾರೆ. ನಗರಸಭೆ 1988ರಲ್ಲಿ ತನ್ನ ಕಡ್ಡಾಯವನ್ನು ಕೈಬಿಟ್ಟರೂ ಬಾಡಿಗೆ ಕರಾರುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿ, ಅದು ಉಳಿದುಕೊಂಡಿದೆ. ಫಲಕ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು. ದೊಡ್ಡ ಪಾಳಿ ಬಂದಾಗ ನೆಲಮಾಳಿಗೆಯ ಓಣಿ, ಅಂಗಳ, ಮನೆಯ ಮುಂದಿನ ಕಾಲುದಾರಿ ಎಲ್ಲವೂ ಸೇರುತ್ತವೆ. ಹಿಮ ಬಿದ್ದರೆ ಕೆಲಸದ ದಿನಗಳಲ್ಲಿ ಬೆಳಗಿನ 7 ಗಂಟೆಯೊಳಗೆ ಕಾಲುದಾರಿಯ ಹಿಮ ಸರಿಸಿರಬೇಕು. ವಾರ ಮುಗಿದ ಮೇಲೆ ಫಲಕವನ್ನು ಪಕ್ಕದ ಬಾಗಿಲಿಗೆ ಸಿಕ್ಕಿಸಬೇಕು.

ಇದನ್ನು ನನಗೆ ಹೇಳಿಕೊಟ್ಟವರು ಜರ್ಮನ್ನರಲ್ಲ, ಎದುರು ಮನೆಯ ಗ್ರೀಕ್ ಅಜ್ಜಿ. 1960ರ ದಶಕದಲ್ಲಿ ಉತ್ತರ ಗ್ರೀಸಿನ ಹಳ್ಳಿಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು ಅವರು. ನಾನು ಪೊರಕೆ ಹಿಡಿದು ಮೇಲಿನಿಂದ ಧೂಳು ಹಾರಿಸುತ್ತಿದ್ದುದನ್ನು ನೋಡಿ ಹೊರಗೆ ಬಂದರು. ಮೊದಲು ಗುಡಿಸು, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಕೈಹಿಡಿ ಕಂಬಿ, ಕಿಟಕಿಯ ಅಂಚು ಎಂದು ಒಂದೊಂದಾಗಿ ತಾವೇ ಮಾಡಿ ತೋರಿಸಿದರು. ನಮ್ಮ ಮನೆಗಳಲ್ಲಿ ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿ ಇಡುವುದನ್ನು ನೋಡಿ ಬೆಳೆದ ನನಗೆ ಕೆಲಸ ಹೊಸದಾಗಿರಲಿಲ್ಲ. ಹೊಸದಾಗಿದ್ದುದು, ಅದು ನನ್ನ ಮನೆಯ ಅಂಗಳವಲ್ಲ, ಎಂಟು ಮನೆಗಳಿಗೆ ಸೇರಿದ ಮೆಟ್ಟಿಲು ಎಂಬುದು. ವಲಸೆ ಹೋದವರ ಕೂಟಗಳಲ್ಲಿ ಈ ಪಾಳಿಯನ್ನು ಹಿಂಸೆಯೆಂದೇ ಮಾತನಾಡುತ್ತಾರೆ, ಈಗೀಗ ಅನೇಕ ಕಟ್ಟಡಗಳಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆ ಊರಿನಲ್ಲಿ ನನಗೆ ವೀಸಾ ಕೊಟ್ಟವರಿದ್ದರು, ಸಂಬಳದಿಂದ ತೆರಿಗೆ ಹಿಡಿಯುವವರಿದ್ದರು. ನೀನು ಮಾಡದಿದ್ದರೆ ನಮಗೆ ತೊಂದರೆಯಾಗುತ್ತದೆ ಎಂದು ಮೊದಲು ಹೇಳಿದ್ದು ಆ ಫಲಕ.

ಇನ್ನು ಭಾಷೆ. ಕೆಲಸ ಹಿಡಿದು ಬಂದ ಗಂಡನೊಡನೆ ಹೋಗುವ ಹೆಂಡತಿ ಬಹುತೇಕ ಸಂದರ್ಭಗಳಲ್ಲಿ ಮೊದಲ ಹಂತದ ಜರ್ಮನ್ ಪರೀಕ್ಷೆ ಮುಗಿಸಿರಬೇಕೆಂಬ ನಿಯಮ 2007ರಲ್ಲಿ ಬಂದಿತ್ತು, ಈಗ ನುರಿತ ಕೆಲಸಗಾರರ ಸಂಗಾತಿಗಳಿಗೆ ಹೆಚ್ಚಾಗಿ ವಿನಾಯಿತಿ ಉಂಟು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ನಾನು ಅದನ್ನು ಮುಗಿಸಿದ್ದೆ. ಅಷ್ಟರಿಂದ ಬ್ರೆಡ್ಡು ಕೊಳ್ಳಬಹುದು, ಬದುಕಲಾಗದು. ಪತಿಯ ಕಚೇರಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಅವರಿಗೆ ಅವಸರವಿರಲಿಲ್ಲ; ಇನ್ನೆರಡು ವರ್ಷಕ್ಕೆ ಈ ವ್ಯಾಕರಣವೆಲ್ಲ ಏಕೆ ಎಂದು ನಾನೂ ಪುಸ್ತಕ ಮುಚ್ಚಿಟ್ಟೆ. ಮೂರು ವರ್ಷ ಹಾಗೆ ಕಳೆದುದು ನನ್ನ ಬದುಕಿನಲ್ಲಿ ನಾನೇ ಮಾಡಿಕೊಂಡ ದೊಡ್ಡ ನಷ್ಟ. ಆ ಮೂರು ವರ್ಷ ನಾನು ಯಾರೊಂದಿಗೂ ಜಗಳವಾಡಲಿಲ್ಲ, ಯಾರನ್ನೂ ನಗಿಸಲಿಲ್ಲ, ಯಾರಿಗೂ ಸಾಂತ್ವನ ಹೇಳಲಿಲ್ಲ. ತರಗತಿಯಲ್ಲಿ ಅರವತ್ತು ಮಕ್ಕಳ ಮುಂದೆ ನಿಂತು ಮಾತನಾಡುತ್ತಿದ್ದವಳು ವೈದ್ಯರ ಮುಂದೆ ಹೊಟ್ಟೆಯನ್ನು ಮುಟ್ಟಿ ತೋರಿಸುವವಳಾಗಿದ್ದೆ.

ಮಗಳು ಹುಟ್ಟಿದ ಮೇಲೆ, 2012ರಲ್ಲಿ, ನಗರದ ಫೋಕ್ಸ್‌ಹೋಖ್‌ಶೂಲೆಗೆ ಸೇರಿಕೊಂಡೆ. ಹೆಸರಿನ ಅರ್ಥ ಜನರ ವಿದ್ಯಾಲಯ. ವಯಸ್ಕರಿಗೆ ಕಡಿಮೆ ಶುಲ್ಕದಲ್ಲಿ ಭಾಷೆಯಿಂದ ಹಿಡಿದು ಹೊಲಿಗೆಯವರೆಗೆ ಎಲ್ಲವನ್ನೂ ಕಲಿಸುವ ಇಂತಹ ಶಾಲೆಗಳು ಜರ್ಮನಿಯ ಊರೂರಿನಲ್ಲಿವೆ. ಹೊಸಬರಿಗಾಗಿ 2005ರಿಂದ ನಡೆಯುತ್ತಿರುವ ಸರಕಾರಿ ಪಾಠಕ್ರಮದಲ್ಲಿ 600 ಪೀರಿಯಡ್‌ಗಳ ಭಾಷಾಪಾಠವಿದೆ. ಅಲ್ಲಿ ಕಲಿಯುವುದು ಪುಸ್ತಕದ ಜರ್ಮನ್. ಮೆಟ್ಟಿಲ ಮೇಲೆ ಕೇಳುವುದು ಸ್ವೇಬಿಯಾದ ಮಾತು. ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಅಂತರಕ್ಕಿಂತ ಇದು ದೊಡ್ಡದು. ‘ಹೇಬನ್’ ಎಂದರೆ ಪುಸ್ತಕದಲ್ಲಿ ಎತ್ತುವುದು, ಸ್ಟುಟ್‌ಗಾರ್ಟ್‌ನಲ್ಲಿ ಹಿಡಿದುಕೊಳ್ಳುವುದು. ‘ಟೆಪ್ಪಿಶ್’ ಎಂದರೆ ಪುಸ್ತಕದಲ್ಲಿ ನೆಲಹಾಸು, ಅಲ್ಲಿ ಹೊದೆಯುವ ಕಂಬಳಿಯೂ ಹೌದು. ಎಲ್ಲ ವಸ್ತುಗಳ ಹೆಸರಿನ ಕೊನೆಗೆ ‘ಲೆ’ ಎಂಬ ಮುದ್ದಿನ ಪ್ರತ್ಯಯ ಸೇರುತ್ತದೆ, ದೊಡ್ಡ ಮನೆಯೂ ಅವರ ಬಾಯಲ್ಲಿ ಪುಟ್ಟ ಮನೆಯಾಗುತ್ತದೆ. ಏಣಿ ಹತ್ತಿದ್ದ ಕೆಳಮನೆಯವರೊಬ್ಬರು ‘ಹೇಬ್’ ಎಂದು ಕೂಗಿದಾಗ ನಾನು ಎತ್ತಲು ಹೋಗದೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ ದಿನ ನನಗಾದ ಸಂತೋಷ, ಪರೀಕ್ಷೆಯ ಪ್ರಮಾಣಪತ್ರ ಬಂದ ದಿನವೂ ಆಗಿರಲಿಲ್ಲ.

ಭಾಷೆ ಬಂದ ಮೇಲೆ ಕೆಲಸದ ದಾರಿ ತೆರೆಯಿತು. ಬಾನ್ ನಗರದಲ್ಲಿರುವ ಕೇಂದ್ರ ಕಚೇರಿಗೆ ನನ್ನ ಎಂಎಸ್ಸಿ ಪದವಿಯ ಕಾಗದಗಳನ್ನು ಕಳಿಸಿ ಮೌಲ್ಯಮಾಪನದ ಪತ್ರ ತರಿಸಿಕೊಂಡೆ. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಮೊದಲು ಅರ್ಧ ದಿನದ, ನಂತರ ಪೂರ್ಣ ದಿನದ ಕೆಲಸ ಸಿಕ್ಕಿತು. ಬೆಂಗಳೂರು ಕಾವೇರಿಯ ನೀರನ್ನು ಕುಡಿಯುವಂತೆ ಸ್ಟುಟ್‌ಗಾರ್ಟ್ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೋಡನ್ ಸರೋವರದ ನೀರನ್ನು ಕುಡಿಯುತ್ತದೆ. ಆ ನೀರಿನ ಗಡಸುತನ ಅಳೆಯುವುದು ನನ್ನ ಈಗಿನ ಅನ್ನ. ಕಲಿಸುವ ವೃತ್ತಿಗೆ ನಾನು ಮರಳಲಾಗಲಿಲ್ಲ. ಅದನ್ನು ಬಿಟ್ಟುಕೊಟ್ಟದ್ದಕ್ಕೆ ಬೇಸರವಿದೆ ಎಂದು ಇಲ್ಲಿನ ವಿದ್ಯಾರ್ಥಿನಿಯರಿಗೆ ನೇರವಾಗಿ ಹೇಳುತ್ತೇನೆ. ಗಂಡನ ಕೆಲಸದ ಹಿಂದೆ ಹೊರಡುವವರು ತಮ್ಮ ಪದವಿಗೆ ಅಲ್ಲಿ ಏನು ಬೆಲೆಯೆಂದು ಹೊರಡುವ ಮೊದಲೇ ವಿಚಾರಿಸಿ.

ಎದುರು ಮನೆಯ ಅಜ್ಜಿಯ ಮಾತಿಗೆ ಮರಳುತ್ತೇನೆ, ಏಕೆಂದರೆ ನನ್ನ ಕಣ್ಣು ತೆರೆಸಿದವರು ಅವರು. ಯುದ್ಧಾನಂತರ ಜರ್ಮನಿಗೆ ಕೈಗಳು ಬೇಕಾಗಿದ್ದವು. 1955ರಲ್ಲಿ ಇಟಲಿಯೊಂದಿಗೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್‌ನೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ, 1968ರಲ್ಲಿ ಯುಗೋಸ್ಲಾವಿಯಾದೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡರು. ಅವರಿಗೆ ಇಟ್ಟ ಹೆಸರು ‘ಗಾಸ್ಟ್‌ಆರ್ಬೈಟರ್’, ಅತಿಥಿ ಕೆಲಸಗಾರ. 1973ರಲ್ಲಿ ನೇಮಕ ನಿಲ್ಲುವವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಬಂದರು, ಸುಮಾರು 1 ಕೋಟಿ 10 ಲಕ್ಷ ಜನ ಹಿಂತಿರುಗಿದರು. ಉಳಿದವರು ಹೋಗುತ್ತಾರೆಂದು ಸರಕಾರವೂ ನಂಬಿತ್ತು, ಹೋಗುತ್ತೇವೆಂದು ಅವರೂ ನಂಬಿದ್ದರು. ಅತಿಥಿಗೆ ಭಾಷೆ ಕಲಿಸುವ ಅಗತ್ಯ ಸರಕಾರಕ್ಕೆ ಕಾಣಲಿಲ್ಲ. ಅತಿಥಿಗೂ ಕಲಿಯುವ ಅಗತ್ಯ ಕಾಣಲಿಲ್ಲ. ಅಜ್ಜಿಯ ಗಂಡ ಪ್ರತಿ ಬೇಸಿಗೆಯಲ್ಲೂ ಹಳ್ಳಿಯ ಮನೆಗೆ ಒಂದೊಂದು ಕೋಣೆ ಸೇರಿಸುತ್ತಾ ಹೋದರಂತೆ. ಆ ಮನೆ ಮುಗಿಯಿತು, ಗಂಡ ತೀರಿಕೊಂಡರು, ಮಕ್ಕಳು ಮೊಮ್ಮಕ್ಕಳು ಸ್ಟುಟ್‌ಗಾರ್ಟ್‌ನವರಾದರು; ಹಳ್ಳಿಯ ಮನೆಯಲ್ಲಿ ವರ್ಷಕ್ಕೆ ಹದಿನೈದು ದಿನ ದೀಪ ಉರಿಯುತ್ತದೆ. ಇದನ್ನು ಅವರು ಹೇಳುತ್ತಿದ್ದಾಗ ನನ್ನ ಪತಿ ಶಿವಮೊಗ್ಗದಲ್ಲಿ ನಿವೇಶನ ನೋಡಲು ಹೋಗಿದ್ದರು. ನೆಲಮಾಳಿಗೆಯಲ್ಲಿ ಮಡಿಸಿಟ್ಟಿದ್ದ ಪೆಟ್ಟಿಗೆಗಳನ್ನು ನಾನು ಆ ವಾರವೇ ಕಾಗದದ ಕಸಕ್ಕೆ ಹಾಕಿದೆ.

ಮಕ್ಕಳ ವಿಷಯದಲ್ಲಿ ಎರಡೇ ಮಾತು. ಆ ರಾಜ್ಯದಲ್ಲಿ ನಾಲ್ಕನೆಯ ತರಗತಿಯ ನಂತರ ಮಕ್ಕಳು ಬೇರೆಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ವಿಶ್ವವಿದ್ಯಾಲಯದ ದಾರಿಯ ಶಾಲೆ ಗಿಮ್ನಾಸಿಯುಂ. ಹತ್ತು ವರ್ಷದ ಮಗುವಿನ ಜರ್ಮನ್ ಎಷ್ಟು ಚೆನ್ನಾಗಿದೆ ಎಂಬುದು ಆಗ ಬಹಳ ಎಣಿಕೆಗೆ ಬರುತ್ತದೆ. ಹಿಂತಿರುಗುತ್ತೇವೆಂದು ಮಗುವನ್ನು ಎರಡು ದೋಣಿಗಳಲ್ಲಿ ನಿಲ್ಲಿಸುವ ತಾಯಿತಂದೆಯರು ಇದನ್ನು ತಡವಾಗಿ ತಿಳಿಯುತ್ತಾರೆ. ಕನ್ನಡಕ್ಕೆ ಇದರಿಂದ ಕುತ್ತು ಬರಬೇಕಿಲ್ಲ. ಮಗಳು ಮನೆಯೊಳಗೆ ಕನ್ನಡವನ್ನೇ ಆಡುತ್ತಾಳೆ, ನನ್ನ ಅಮ್ಮನೊಂದಿಗೆ ಫೋನಿನಲ್ಲಿ ಮಾತನಾಡಬೇಕಾದ್ದರಿಂದ ಅವಳಿಗೆ ಅದು ಬೇಕಾಗಿದೆ. ಬೇಕಾದ ಭಾಷೆ ಉಳಿಯುತ್ತದೆ. ಓದು-ಬರಹ ಮಾತ್ರ ಪ್ರತಿ ಶನಿವಾರದ ಹೋರಾಟ, ಅದರಲ್ಲಿ ನಾನು ಅರ್ಧ ಗೆದ್ದಿದ್ದೇನೆ.

ಪೌರತ್ವದ ವಿಷಯ ಕೇಳಲೆಂದೇ ಕೆಲವರು ಬಂದಿದ್ದೀರೆಂದು ತಿಳಿಯಿತು. ಜರ್ಮನಿಯಲ್ಲಿ 2024ರ ಜೂನ್ 27ರಿಂದ ಜಾರಿಯಲ್ಲಿರುವ ಕಾನೂನಿನಂತೆ ಸಾಮಾನ್ಯವಾಗಿ ಐದು ವರ್ಷಗಳ ಕಾಯ್ದೆಬದ್ಧ ವಾಸ, ಮಧ್ಯಮ ಹಂತದ ಜರ್ಮನ್, ಸ್ವಂತ ಸಂಪಾದನೆ, 33 ಪ್ರಶ್ನೆಗಳಲ್ಲಿ 17ಕ್ಕೆ ಸರಿಯುತ್ತರ ಕೊಡಬೇಕಾದ ಪರೀಕ್ಷೆ ಇವು ಬೇಕು. ಹಳೆಯ ಪೌರತ್ವ ಬಿಡಬೇಕೆಂಬ ಷರತ್ತನ್ನು ಜರ್ಮನಿ ತೆಗೆದುಹಾಕಿದೆ. ಆದರೆ ನಮ್ಮ 1955ರ ಪೌರತ್ವ ಕಾಯ್ದೆಯಂತೆ ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಸಿಗುವ ಓಸಿಐ, ಎಂದರೆ ಸಾಗರೋತ್ತರ ಭಾರತೀಯ ನಾಗರಿಕ, ಕಾರ್ಡು ಬದುಕಿರುವವರೆಗೆ ವೀಸಾ ಇಲ್ಲದೆ ಬಂದುಹೋಗುವ ಅವಕಾಶ ಕೊಡುತ್ತದೆ. ಮತದಾನದ ಹಕ್ಕು ಕೊಡುವುದಿಲ್ಲ. ತೋಟದ ಮನೆಗಳವರು ಕೇಳಬೇಕಾದ ಮಾತು ಇನ್ನೊಂದಿದೆ: ಓಸಿಐ ಇರುವವರು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ನಾನು 2019ರಲ್ಲಿ ನನ್ನ ಪಾಸ್‌ಪೋರ್ಟನ್ನು ಒಪ್ಪಿಸಿದೆ. ರದ್ದು ಮಾಡಿದ ಮುದ್ರೆಯೊಂದಿಗೆ ಅದನ್ನು ನನಗೇ ಮರಳಿಸಿದರು. ಆ ದಿನ ನನಗೆ ಅಳು ಬಂತು, ಆದರೆ ಆ ನಿರ್ಧಾರದ ಬಗ್ಗೆ ಸಂದೇಹ ಬರಲಿಲ್ಲ. ಸಂದೇಹ ಅದಕ್ಕೆ ಎರಡು ವರ್ಷ ಮೊದಲೇ ಕಳೆದುಹೋಗಿತ್ತು.

ಅದನ್ನು ಹೇಳದೆ ನಾನು ಕುಳಿತುಕೊಳ್ಳಲಾರೆ. ನಮ್ಮ ತಾಯಿತಂದೆಯರನ್ನು ನಾವು ಅಲ್ಲಿಗೆ ಕರೆಸಿ ಇಟ್ಟುಕೊಳ್ಳುವಂತಿರಲಿಲ್ಲ. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ವಾಸದ ಪರವಾನಗಿ ಪಡೆದ ನುರಿತ ಕೆಲಸಗಾರರಿಗೆ ಕೆಲವು ಷರತ್ತುಗಳೊಂದಿಗೆ ಆ ಅವಕಾಶವಿದೆ. ನಮ್ಮಂತಹ ಹಳಬರಿಗೆ 90 ದಿನಗಳ ಭೇಟಿಯ ವೀಸಾ ಮಾತ್ರ. ಅಪ್ಪ ಒಮ್ಮೆ ಬಂದಿದ್ದರು, ಮೆಟ್ಟಿಲು ದಾರಿಗಳನ್ನು ಹತ್ತಿ ದ್ರಾಕ್ಷಿ ತೋಟಗಳನ್ನು ನೋಡಿ, ನೀರು ಬಸಿದುಹೋಗಲು ಅಲ್ಲಿನವರು ಕಡಿದ ಕಾಲುವೆಗಳನ್ನು ಬಹಳ ಮೆಚ್ಚಿಕೊಂಡರು. ಚಳಿಗಾಲದಲ್ಲಿ ಸ್ಟುಟ್‌ಗಾರ್ಟ್ ನಮ್ಮ ಊರಿಗಿಂತ ನಾಲ್ಕೂವರೆ ಗಂಟೆ ಹಿಂದೆ. 2017ರ ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಇಲ್ಲಿ ಬೆಳಗಿನ ಆರೂವರೆ. ಅಪ್ಪ ಕೊಟ್ಟಿಗೆಯ ಮುಂದೆ ಕುಸಿದಿದ್ದರು. ನಾನು ಫ್ರಾಂಕ್‌ಫರ್ಟ್ ತಲುಪಿ, ಒಂಬತ್ತು ಗಂಟೆ ಹಾರಿ, ಬೆಂಗಳೂರಿನಿಂದ ರಸ್ತೆಯಲ್ಲಿ ಬಂದು ಮನೆಯ ಅಂಗಳ ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ಕಾಯಬೇಡಿ ಎಂದು ನಾನೇ ಹೇಳಿದ್ದೆ. ಹೊರದೇಶದಲ್ಲಿ ನೆಲೆಸುವುದಕ್ಕೆ ತೆರುವ ಬೆಲೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಇದಕ್ಕೆ ಯಾವ ಉಪಾಯವನ್ನೂ ನಾನು ಕಂಡುಕೊಂಡಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿಸಿ, ಅಮ್ಮನನ್ನು ಅಣ್ಣನ ಜೊತೆಗೆ ಬಿಟ್ಟು, ಹಿಂತಿರುಗಿದಾಗ ಸ್ಟುಟ್‌ಗಾರ್ಟ್‌ನಲ್ಲಿ ಹಿಮ ಬೀಳುತ್ತಿತ್ತು. ಪತಿ ಮಗಳೊಂದಿಗೆ ಇನ್ನೂ ಊರಿನಲ್ಲೇ ಇದ್ದರು. ಬೆಳಕು ಹರಿದಿರಲಿಲ್ಲ. ಪೆಟ್ಟಿಗೆ ಎಳೆಯುತ್ತ ಬರುವಾಗ, ದೊಡ್ಡ ಪಾಳಿ ಆ ವಾರ ನಮ್ಮದೆಂಬುದು ಇದ್ದಕ್ಕಿದ್ದಂತೆ ನೆನಪಾಗಿ ಗಾಬರಿಯಾಯಿತು. ಕಟ್ಟಡದ ಮುಂದೆ ಬಂದರೆ ಕಾಲುದಾರಿಯ ಹಿಮವನ್ನು ಆಗಲೇ ಬದಿಗೆ ಸರಿಸಿ, ಜಾರದಂತೆ ಸಣ್ಣ ಜಲ್ಲಿ ಎರಚಿದ್ದರು. ಎಂಬತ್ತರ ಹತ್ತಿರದ ಗ್ರೀಕ್ ಅಜ್ಜಿ ಸಲಿಕೆಗೆ ಒರಗಿಕೊಂಡು ಬಾಗಿಲಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು. ಫಲಕ ಅವರ ಬಾಗಿಲಲ್ಲಿರಲಿಲ್ಲ. ನಮ್ಮ ಬಾಗಿಲಲ್ಲೇ ಇತ್ತು. ನಾನು ಏನೋ ಹೇಳಹೊರಟಾಗ ಅವರು ತಡೆದು, ಮುಂದಿನ ಬುಧವಾರ ಕಸದ ಡಬ್ಬಿ ಹೊರಗಿಡುವುದು ನಿನ್ನ ಕೆಲಸ, ಮರೆಯಬೇಡ, ಈಗ ಮೇಲೆ ಹೋಗಿ ಮಲಗು ಎಂದರು.